ಆಟ ಕಟ್ಟುವವರ ಮೊದಲ ದುಡ್ಡು

ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಓದಿದ ನಮಗೆಲ್ಲ ಮಸ್ಕಿಯ ಶಾಸನ ಒಂದು ಅಂಕದ ಪ್ರಶ್ನೆ. ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕ ಮೊದಲ ಶಾಸನ ಯಾವುದು? ಮಸ್ಕಿ. ಅಲ್ಲಿಗೆ ಮುಗಿಯಿತು. ಆ ಬಂಡೆಗಲ್ಲಿನ ಬರಹವನ್ನು ಮೊದಲು ಕಂಡವರು ಯಾರು, ಅವರಿಗೆ ಆ ಗುಡ್ಡದಲ್ಲಿ ಏನು ಕೆಲಸವಿತ್ತು ಎಂದು ಯಾವ ಮಾಸ್ತರರೂ ಕೇಳಲಿಲ್ಲ, ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ನಿಜಾಮರ ಸೀಮೆಯ ಈ ಭಾಗದಲ್ಲಿ ಚಿನ್ನದ ಜಾಡು ಹಿಡಿದು ತಿರುಗುತ್ತಿದ್ದರು. ಅವರು ಹುಡುಕಿದ್ದು ಚಿನ್ನ, ಕಣ್ಣಿಗೆ ಬಿದ್ದದ್ದು ಬ್ರಾಹ್ಮಿ ಅಕ್ಷರ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದು ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು.

ನನಗೆ ಆಶ್ಚರ್ಯವೆನಿಸುವುದು ಶಾಸನಕ್ಕಿಂತ ಹೆಚ್ಚಾಗಿ ಆ ಖರ್ಚು. ಗುಡ್ಡ ಗುಡ್ಡ ತಿರುಗುವ ಮನುಷ್ಯನಿಗೆ ಸಂಬಳ, ಸವಾರಿ, ಆಳುಕಾಳು ಎಲ್ಲ ಬೇಕು. ಚಿನ್ನ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ. ಆದರೂ ಯಾರೋ ಒಬ್ಬರು ಗಂಟು ಬಿಚ್ಚಿರಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯದೂ ಇದೇ ಕಥೆ. ಎರಡು ಸಾವಿರ ವರ್ಷದ ಹಿಂದಿನವರು ತೋಡಿ ಬಿಟ್ಟುಹೋದ ಗುಂಡಿಗಳನ್ನು ನೋಡಿ, ಇನ್ನೂ ಕೆಳಗೆ ಇದ್ದರೂ ಇರಬಹುದೆಂದು ಮತ್ತೆ ಮತ್ತೆ ಹಣ ಸುರಿದರು. ಕೆಲವು ಸಲ ಮುಚ್ಚಿದರು, ಮತ್ತೆ ತೆರೆದರು. 1947ರಲ್ಲಿ ಹೈದರಾಬಾದು ಚಿನ್ನದ ಗಣಿ ಕಂಪನಿ ಹುಟ್ಟಿದ್ದು ಅಂಥ ಹಲವು ಹುಡುಕಾಟಗಳ ಮೇಲೆ. ಏನೂ ಕೈಗೆ ಬರುವ ಮೊದಲೇ ಕೊಡುವ ದುಡ್ಡು ಎಂಬುದೊಂದಿದೆ. ಅದಿಲ್ಲದೆ ಆಮೇಲಿನ ಯಾವ ದುಡ್ಡೂ ಇಲ್ಲ.

ನಮ್ಮ ಒಕ್ಕಲುತನದ ಮನೆಗಳಿಗೆ ಇದು ಹೊಸದಲ್ಲ. ಹಿರಿಯರ ಬಾಯಲ್ಲಿ ‘ತಗಾವಿ’ ಎಂಬ ಮಾತು ಕೇಳಿದವರು ನಿಮ್ಮಲ್ಲೂ ಇರಬಹುದು. ಬೀಜಕ್ಕೆ, ಎತ್ತಿಗೆ, ಬಾವಿ ತೋಡಲಿಕ್ಕೆ ಸರಕಾರ ಕೊಡುತ್ತಿದ್ದ ಸಾಲ ಅದು. ತಗಾವಿಯನ್ನು ಹಿಂದಿರುಗಿಸಬೇಕು. ಇನಾಮು ಹಿಂದಿರುಗಿಸಬೇಕಾಗಿಲ್ಲ, ಆದರೆ ಅದು ದೊರೆಯ ಮರ್ಜಿ. ಈ ಎರಡರ ನಡುವೆ ಈ ಕಾಲದ ‘ಅನುದಾನ’ ನಿಂತಿದೆ. ಅರ್ಜಿ ಹಾಕಬೇಕು, ಲೆಕ್ಕ ಕೊಡಬೇಕು, ಬಡ್ಡಿಯಿಲ್ಲ, ಕೊಟ್ಟವರು ಪಾಲು ಕೇಳುವುದಿಲ್ಲ, ಸೋತರೆ ಮನೆ ಜಪ್ತಿಯಾಗುವುದಿಲ್ಲ. ಶಾಲೆಗೆ, ಗುಡಿಗೆ, ಸ್ತ್ರೀಶಕ್ತಿ ಸಂಘಕ್ಕೆ ಅನುದಾನ ಬರುವುದು ನಮಗೆ ಗೊತ್ತು. ಕಂಪ್ಯೂಟರಿನಲ್ಲಿ ಆಡುವ ಆಟವನ್ನು ಕಟ್ಟುವವರಿಗೂ ಅಂಥದ್ದು ಉಂಟೆಂದು ನನಗೆ ತಿಳಿದದ್ದು ನನ್ನ ತಂಗಿಯ ಮಗಳಿಂದ. ಲಿಂಗಸುಗೂರಿನ ಹುಡುಗಿ, ಬಿ.ಸಿ.ಎ. ಮುಗಿಸಿದ್ದಾಳೆ, ವಿಡಿಯೋ ಗೇಮ್ ಮಾಡುವೆನೆಂದು ಕೂತಿದ್ದಾಳೆ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿದ್ದು ಬಹಳ ಹಿಂದಕ್ಕೆ ಹೋಯಿತು.

ಕನ್ನಡ ನಾಡಿನಲ್ಲಿ ಹೆಸರು ಗೊತ್ತಿರುವ ಆಟಗಾರಿಕೆಯ ಶಿಲ್ಪಿ ಒಬ್ಬ ದೊರೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ದೊರೆಗೆ ಸಿಂಹಾಸನ ಉಳಿಯಿತು, ರಾಜ್ಯಭಾರ ಉಳಿಯಲಿಲ್ಲ. ವರ್ಷಾಶನವಿತ್ತು, ಹೊತ್ತಿತ್ತು, ಬುದ್ಧಿ ಚುರುಕಾಗಿತ್ತು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿವೆ. ಹಾಸಿನ ಮೇಲಿನ ಆಟಗಳು, ‘ಛದ’ ಎಂಬ ಗಂಜೀಫಾ ಎಲೆಯಾಟಗಳು. ಒಂದೊಂದು ಕಟ್ಟಿನಲ್ಲಿ ಎಲೆಗಳ ಸಂಖ್ಯೆ 360ರವರೆಗೆ ಹೋಗುತ್ತಿತ್ತಂತೆ. ನಮ್ಮ ಇಸ್ಪೀಟಿನ 52 ಎಲೆಗಳನ್ನೇ ನೆನಪಿಟ್ಟುಕೊಂಡು ಆಡಲು ಒದ್ದಾಡುವ ನನ್ನಂಥವಳು ಅದನ್ನು ಊಹಿಸಿಕೊಳ್ಳಲೂ ಆರೆ. ಚದುರಂಗದ ಕುದುರೆ ಒಂದು ಮನೆಗೆ ಒಂದೇ ಸಲ ಕಾಲಿಟ್ಟು ಹಾಸನ್ನೆಲ್ಲ ಸುತ್ತಿ ಬರುವ ಲೆಕ್ಕವನ್ನೂ ಅವರು ಬಿಡಿಸಿದ್ದರು. ಚದುರಂಗದ ಇತಿಹಾಸ ಬರೆದ ಇಂಗ್ಲಿಷರು ಅದನ್ನು ಮೆಚ್ಚಿ ಉಲ್ಲೇಖಿಸಿದ್ದಾರೆ.

ಆ ಆಟಗಳಲ್ಲಿ ಹಲವು ಅರಮನೆ ದಾಟಿ ಬೀದಿಗೆ ಬರಲಿಲ್ಲ. ಅಷ್ಟು ತೊಡಕು. ನನಗನಿಸುವುದು, ಇದಕ್ಕೆ ಕಾರಣ ದುಡ್ಡೇ. ಆಟ ಕಟ್ಟಿದವರೂ ದೊರೆ, ಖರ್ಚು ಕೊಟ್ಟವರೂ ದೊರೆ, ಎದುರು ಕೂತು ಆಡಿದವರು ಸಂಬಳದವರು. ‘ಬುದ್ಧಿ, ಇದು ಬೇಸರ ಬರುತ್ತದೆ’ ಎಂದು ಯಾರು ಹೇಳಬೇಕು? ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಆಟಗಳ ಹಾಸು, ಕಾಯಿ, ಮಣೆಗಳನ್ನು ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ ಜನರ ಕೈಗಿಟ್ಟದ್ದರಿಂದ ಆ ಲೋಕದ ಪರಿಚಯ ನಮ್ಮಂಥವರಿಗೂ ಆಗಿದೆ.

ಇನ್ನೊಂದು ಕಡೆ ನಮ್ಮ ಪಡಸಾಲೆಯ ಆಟಗಳಿವೆ. ಚೌಕಾಬಾರ, ಪಗಡೆ, ಅಳಗುಳಿಮಣೆ. ಚೌಕಾಬಾರಕ್ಕೆ ಐದೈದರ ಮನೆ ಗೀಚಲು ಒಂದು ತುಂಡು ಸುಣ್ಣ, ನಾಲ್ಕು ಕವಡೆ ಸಾಕು; ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಅಳಗುಳಿಮಣೆಯಲ್ಲಿ ಆಚೆ ಏಳು ಈಚೆ ಏಳು ಗುಳಿ, ಹುಣಸೆಬೀಜ. ಇವನ್ನು ಕಟ್ಟಿದವರು ಯಾರೆಂದು ಯಾವ ನಿಧಿಯಲ್ಲೂ ಬರೆದಿಲ್ಲ. ಆಡುತ್ತ ಆಡುತ್ತ ತಿದ್ದಿಕೊಂಡವರಲ್ಲಿ ನಮ್ಮ ಅಜ್ಜಿಯರು ಮುತ್ತಜ್ಜಿಯರು ಇದ್ದಾರೆ. ಊರಿಗೊಂದು ನಿಯಮ ಇರುವುದೇ ಅದಕ್ಕೆ ಸಾಕ್ಷಿ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣು ತವರಿನ ನಿಯಮ ತಂದು ಅತ್ತೆಮನೆಯಲ್ಲಿ ಜಗಳವಾಡುತ್ತಾಳೆ, ಆಮೇಲೆ ಮೂರನೆಯ ನಿಯಮ ಹುಟ್ಟುತ್ತದೆ. ಈ ಆಟಗಳಿಗೆ ಖರ್ಚಿಲ್ಲ, ಆದ್ದರಿಂದ ಅನುದಾನವೂ ಬೇಕಾಗಲಿಲ್ಲ.

ಕಂಪ್ಯೂಟರಿನ ಆಟ ಹಾಗಲ್ಲ. ಅದಕ್ಕೆ ಚಿತ್ರ ಬರೆಯುವವರು, ಲೆಕ್ಕ ಕಟ್ಟುವವರು, ಸಂಗೀತ ಕೂಡಿಸುವವರು, ತಪ್ಪು ಹುಡುಕುವವರು ಬೇಕು. ಸಣ್ಣದೆಂದರೂ ಒಂದೆರಡು ವರ್ಷ ಹಿಡಿಯುತ್ತದೆ, ಆ ಒಂದೆರಡು ವರ್ಷ ಅಷ್ಟೂ ಜನ ಊಟ ಮಾಡಬೇಕು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗ ದೇಶದಲ್ಲಿ ಆಟ ಕಟ್ಟುವ ಕಂಪನಿ ಎಂಬುದೇ ಹೊಸ ಮಾತು. ಅವರು ಉಳಿದು ಬೆಳೆದದ್ದು ಹೆಚ್ಚಾಗಿ ಪರದೇಶದವರ ಆಟಗಳಿಗೆ ಕಾರು, ಕಟ್ಟಡ, ಮನುಷ್ಯರ ರೂಪ ಮಾಡಿಕೊಡುವ ಕೆಲಸದಿಂದ. ಅದಕ್ಕೆ ತಿಂಗಳಿಗೆ ಸರಿಯಾಗಿ ಹಣ ಬರುತ್ತದೆ, ನೂರಾರು ಮನೆಗಳ ಒಲೆ ಉರಿಯುತ್ತದೆ. ಆದರೆ ಆಟ ಇನ್ನೊಬ್ಬರದು. ಬೇರೆಯವರ ಬಟ್ಟೆ ಹೊಲಿದುಕೊಡುವ ಟೇಲರು ಬೇಕಾದಷ್ಟು ಜನ ನಮ್ಮೂರಲ್ಲಿದ್ದಾರೆ. ತಾವೇ ಒಂದು ಹೊಸ ಮಾದರಿ ಕತ್ತರಿಸಿ ನೋಡಲು ಬಟ್ಟೆ ಕೊಡುವವರಿಲ್ಲ.

ಹಾಗಾದರೆ ಮೊದಲ ಬಟ್ಟೆ ಕೊಟ್ಟ ಊರು ಯಾವುದಾದರೂ ಇದೆಯೇ? ಹುಡುಕುತ್ತ ಹೋದಾಗ ಸಿಕ್ಕದ್ದು ಸ್ಕಾಟ್ಲೆಂಡಿನ ಡಂಡೀ. ಲಂಡನ್ನಿನಿಂದ ಬಹಳ ದೂರದ, ಸೆಣಬಿನ ಗಿರಣಿಗಳ ಊರು. ಅಲ್ಲಿ ಟೈಮೆಕ್ಸ್ ಗಡಿಯಾರದ ಕಾರ್ಖಾನೆಯಿತ್ತು. 1982ರಿಂದ ಅಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆ-ಕಂಪ್ಯೂಟರನ್ನು ಜೋಡಿಸುತ್ತಿದ್ದರು. ಜೋಡಿಸುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ಹೀಗಾಗಿ ಆ ಊರಿನ ಮಕ್ಕಳಿಗೆ ಕಂಪ್ಯೂಟರು ಅಪರೂಪದ ವಸ್ತುವಾಗಿರಲಿಲ್ಲ. ಡೇವಿಡ್ ಜೋನ್ಸ್ ಎಂಬ ಹುಡುಗ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಂಪನಿ ಕೆಲಸದಿಂದ ಬಿಡಿಸಿದಾಗ ಕೈಗೆ ಬಂದ ಪರಿಹಾರದ ಹಣದಲ್ಲಿ ಒಂದು ಅಮೀಗಾ ಕಂಪ್ಯೂಟರು ಕೊಂಡ. ಸ್ನೇಹಿತರ ಜೊತೆ ಸೇರಿ ಕಂಪನಿ ಕಟ್ಟಿದ. 1991ರಲ್ಲಿ ಅವರ ‘ಲೆಮಿಂಗ್ಸ್’ ಆಟ ಜಗತ್ತೆಲ್ಲ ಓಡಿತು, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಬಂತು. ನಮ್ಮ ಮನೆಗಳ ಗಂಡುಹುಡುಗರು ಊಟ ಬಿಟ್ಟು ಆಡುವ ಆಟ ಅದೇ. ಆ ಕಂಪನಿ ಕೈಯಿಂದ ಕೈಗೆ ಹೋಗಿ ಕೊನೆಗೆ ರಾಕ್‌ಸ್ಟಾರ್ ಎಂಬ ದೊಡ್ಡ ಮನೆತನ ಸೇರಿತು. 2019ರಲ್ಲಿ ಬೆಂಗಳೂರಿನ ಧ್ರುವವನ್ನು ಕೊಂಡದ್ದೂ ಅದೇ ರಾಕ್‌ಸ್ಟಾರ್. ಒಂದು ಊರಿನ ಹುಡುಗನ ಪರಿಹಾರದ ದುಡ್ಡು ಎಲ್ಲಿಯವರೆಗೆ ಬಂತು ನೋಡಿ.

ಆ ಕಾರ್ಖಾನೆಯ ಹೆಂಗಸರ ಕಥೆಯನ್ನೂ ಹೇಳದೆ ಮುಂದೆ ಹೋಗಬಾರದು. 1993ರಲ್ಲಿ ಅವರು ತಿಂಗಳುಗಟ್ಟಲೆ ಗೇಟಿನ ಮುಂದೆ ಮುಷ್ಕರ ನಡೆಸಿದರು. ಅದೇ ವರ್ಷ ಕಾರ್ಖಾನೆ ಬಾಗಿಲು ಹಾಕಿತು. ಆಟಗಳ ಇತಿಹಾಸದಲ್ಲಿ ಜೋನ್ಸನ ಹೆಸರಿದೆ, ಸ್ಪೆಕ್ಟ್ರಮ್ ಜೋಡಿಸಿದ ಕೈಗಳ ಹೆಸರಿಲ್ಲ. ಅಳಗುಳಿಮಣೆಯ ಕಥೆಯೇ ಇಲ್ಲಿಯೂ.

ಆದರೆ ಡಂಡೀಯವರು ಒಂದು ಬುದ್ಧಿವಂತಿಕೆ ಮಾಡಿದರು. ಕೆಲಸ ಹೋದವನ ಪರಿಹಾರದ ಹಣವನ್ನೇ ನಂಬಿ ಕೂತರೆ ಆಗದು ಎಂದು ಕಂಡುಕೊಂಡರು. ಅಲ್ಲಿನ ಅಬರ್ಟೆ ವಿಶ್ವವಿದ್ಯಾಲಯ 1997ರಲ್ಲೇ ಆಟ ಕಟ್ಟುವ ವಿದ್ಯೆಗೆ ಪದವಿ ತರಗತಿ ತೆರೆಯಿತು. 2015ರಲ್ಲಿ ಬ್ರಿಟನ್ ಸರಕಾರದ ಹಣದಿಂದ ಶುರುವಾದ ‘ಯು.ಕೆ. ಗೇಮ್ಸ್ ಫಂಡ್’ನ ಕಚೇರಿ ಇರುವುದೂ ಲಂಡನ್ನಿನಲ್ಲಲ್ಲ, ಡಂಡೀಯಲ್ಲಿ. ಆರಂಭದಲ್ಲಿ ಒಂದು ಸಣ್ಣ ತಂಡಕ್ಕೆ 25,000 ಪೌಂಡಿನವರೆಗೆ ಕೊಟ್ಟರು. ಪೂರ್ತಿ ಆಟಕ್ಕಲ್ಲ, ಆಟದ ಮಾದರಿಗೆ. ಕೈಯಲ್ಲಿ ಹಿಡಿದು ಹತ್ತು ನಿಮಿಷ ಆಡಿ ನೋಡಬಹುದಾದ ಒಂದು ತುಂಡು ಇದ್ದರೆ ಸಾಕು, ಅದನ್ನು ತೋರಿಸಿ ಮುಂದಿನ ಹಣ ಹುಡುಕಬಹುದು. ಕಾಲೇಜು ಮುಗಿಸಿದ ಹುಡುಗ ಹುಡುಗಿಯರಿಗೆ ಬೇಸಿಗೆಯ ಕೆಲವು ತಿಂಗಳ ಮಟ್ಟಿಗೆ ಸಣ್ಣ ಮೊತ್ತ ಕೊಟ್ಟು ಕೂರಿಸುವ ಏರ್ಪಾಟೂ ಅವರಲ್ಲಿದೆ. ನೆಲ್ಲು ಬೆಳೆಯುವ ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಸಸಿಮಡಿ, ಆಮೇಲೆ ಗದ್ದೆ. ಮಡಿಗೆ ಬೇಕಾದ ನೀರು ಎಷ್ಟು ಕಡಿಮೆ!

ನಮ್ಮ ದೇಶದಲ್ಲಿ ಹುಡುಗಿಯೊಬ್ಬಳನ್ನೇ ನಾಯಕಿ ಮಾಡಿ ಹೆಸರು ಪಡೆದ ಆಟ ‘ರಾಜಿ’. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡದ್ದು. ಅದನ್ನು ಕಟ್ಟಿದವರಲ್ಲಿ ಶ್ರುತಿ ಘೋಷ್ ಎಂಬ ಕಲಾವಿದೆಯೂ ಒಬ್ಬರು. ತಮ್ಮನನ್ನು ರಾಕ್ಷಸರಿಂದ ಬಿಡಿಸಿಕೊಳ್ಳಲು ಹೊರಟ ಅಕ್ಕನ ಕಥೆ. 2017ರಲ್ಲಿ ಅವರು ಕಿಕ್‌ಸ್ಟಾರ್ಟರ್ ಎಂಬಲ್ಲಿ ಜನರಿಂದ 90,000 ಪೌಂಡು ಕೂಡಿಸಲು ಹೊರಟರು. ಅಷ್ಟು ಕೂಡಲಿಲ್ಲ, ಅಲ್ಲಿನ ಕಟ್ಟಳೆಯಂತೆ ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ತಂಡದವರೊಬ್ಬರು ತಮ್ಮ ಫ್ಲ್ಯಾಟು ಮಾರಿ ಕೆಲಸ ನಿಲ್ಲದಂತೆ ನೋಡಿಕೊಂಡರು. 2020ರಲ್ಲಿ ಆಟ ಹೊರಬಂತು, ಆ ವರ್ಷದ ಅಂತಾರಾಷ್ಟ್ರೀಯ ಗೇಮ್ ಪ್ರಶಸ್ತಿಗಳಲ್ಲಿ ಚೊಚ್ಚಲ ಆಟಗಳ ಅಂತಿಮ ಪಟ್ಟಿಗೂ ಬಂತು. ಗೆದ್ದವರ ಫ್ಲ್ಯಾಟಿನ ಕಥೆಯನ್ನು ಪತ್ರಿಕೆಯವರು ಮೆಚ್ಚಿ ಬರೆಯುತ್ತಾರೆ. ಫ್ಲ್ಯಾಟು ಮಾರಿ ಸೋತವರೂ ಎಲ್ಲೋ ಇದ್ದಾರು, ಅವರನ್ನು ಯಾರು ಮಾತಾಡಿಸಿದ್ದಾರೆ? ಮಾರಲು ಫ್ಲ್ಯಾಟೇ ಇಲ್ಲದವರಂತೂ ಆ ಕಥೆಯೊಳಗೆ ಕಾಲಿಡುವಂತೆಯೇ ಇಲ್ಲ.

ಕರ್ನಾಟಕ ಸರಕಾರ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲವೆಂದೇ ಹೇಳಬೇಕು. ಅನಿಮೇಷನ್, ಗೇಮಿಂಗ್, ಕಾಮಿಕ್ಸ್‌ಗಳಿಗೆಂದು ಪ್ರತ್ಯೇಕ ನೀತಿ 2012ರಲ್ಲಿ ಬಂತು. ಎರಡನೆಯದು 2017ರಲ್ಲಿ, ಮೂರನೆಯದು 2024ರಲ್ಲಿ. 2021ರಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಒಂದು ಉತ್ಕೃಷ್ಟತಾ ಕೇಂದ್ರ ತೆರೆಯಿತು. ಹೊಸ ಉದ್ಯಮಗಳಿಗೆ ‘ಎಲಿವೇಟ್’ ಎಂಬ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಕಂತಿನಲ್ಲಿ ಕೊಡುತ್ತಾರೆ. ಅದರಲ್ಲೇ ಮಹಿಳೆಯರಿಗೆ, ಕಲ್ಯಾಣ ಕರ್ನಾಟಕದವರಿಗೆ ಎಂದು ಬೇರೆ ಸುತ್ತುಗಳನ್ನೂ ನಡೆಸಿದ್ದಾರೆ. ಕೇಂದ್ರ ಸರಕಾರ 2021ರಲ್ಲಿ 945 ಕೋಟಿಯ ಬೀಜನಿಧಿ ತೆಗೆದಿಟ್ಟಿತು. ಮಾದರಿ ಕಟ್ಟಲು 20 ಲಕ್ಷದವರೆಗೆ.

ಇಷ್ಟೆಲ್ಲ ಇದ್ದೂ ಅಡಚಣೆ ಎಲ್ಲಿ? ಹುಡುಗಿಯ ಜೊತೆ ಕೂತು ಕಾಗದಗಳನ್ನೆಲ್ಲ ಓದಿದಾಗ ನನಗೆ ತಿಳಿದದ್ದಿಷ್ಟು. ಈ ಹಣವನ್ನು ಮನುಷ್ಯರಿಗೆ ಕೊಡುವುದಿಲ್ಲ, ಕಂಪನಿಗೆ ಕೊಡುತ್ತಾರೆ. ಮೊದಲು ಸಂಸ್ಥೆ ನೋಂದಣಿಯಾಗಬೇಕು, ಸ್ಟಾರ್ಟಪ್ ಎಂಬ ಮಾನ್ಯತೆ ಸಿಗಬೇಕು, ಆಮೇಲೆ ಅರ್ಜಿ. ಅರ್ಜಿಯಲ್ಲಿ ಕೇಳುವುದು ಮಾರುಕಟ್ಟೆ ಎಷ್ಟು ದೊಡ್ಡದು, ಎಷ್ಟು ಜನರಿಗೆ ಉದ್ಯೋಗ, ಮೂರು ವರ್ಷಕ್ಕೆ ಆದಾಯ ಎಷ್ಟು. ಆಟ ಚೆನ್ನಾಗಿದೆಯೇ ಎಂಬ ಕಾಲಮು ನನಗೆ ಕಾಣಲಿಲ್ಲ. ಸೋಪಿನ ಕಾರ್ಖಾನೆಗೂ ಆಟಕ್ಕೂ ಒಂದೇ ಅಳತೆಗೋಲು. ಸರಕಾರದ ಕಷ್ಟವೂ ನನಗೆ ಅರ್ಥವಾಗುತ್ತದೆ. ಜನರ ತೆರಿಗೆ ಹಣ, ಲೆಕ್ಕ ತಪಾಸಣೆಯವರು ನಾಳೆ ಕೇಳುತ್ತಾರೆ. ಆದರೂ 50 ಲಕ್ಷ ಕೇಳುವ ಧೈರ್ಯ ಬರುವ ಮೊದಲು ಎರಡು ಲಕ್ಷ ಕೇಳುವ ಜಾಗವೊಂದು ಬೇಡವೇ? ಡಂಡೀಯ ಬೇಸಿಗೆಯ ಹಣದಂಥದ್ದು. ರಾಯಚೂರಿನಲ್ಲೇ ಕೂತು ಕನ್ನಡದಲ್ಲೇ ಮಾತಾಡಿ ಕೊಡಬಹುದಾದದ್ದು.

ಈಗ ಹುಡುಗಿಯ ಆಟದ ವಿಷಯ. ನಮ್ಮ ತವರು ಮಾನ್ವಿ ಕಡೆಯ ಒಂದು ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಕಾಲುವೆ ಮಾಡಿದಾಗ ಹೆಚ್ಚಿನ ಭೂಮಿಗೆ ಗೊತ್ತುಮಾಡಿದ್ದು ಕಡಿಮೆ ನೀರಿನ ಬೆಳೆ. ಮೇಲ್ಭಾಗದಲ್ಲಿ ನೆಲ್ಲು ನಿಂತಿತು, ಕೊನೆಭಾಗದಲ್ಲಿ ತೂಬು ಒಣಗಿತು. ನಮ್ಮಪ್ಪ ರಾತ್ರಿ ಲಾಟೀನು ಹಿಡಿದು ತೂಬು ಕಾಯುತ್ತಿದ್ದುದು ನನಗೂ ತಂಗಿಗೂ ನೆನಪಿದೆ. ಆ ಕಥೆಯನ್ನು ಅಮ್ಮನ ಬಾಯಲ್ಲಿ ಕೇಳಿದ ಹುಡುಗಿ ಅದನ್ನು ಅಳಗುಳಿಮಣೆಗೆ ಜೋಡಿಸಿದ್ದಾಳೆ. ಗುಳಿಗಳೇ ತೂಬುಗಳು, ಬೀಜವೇ ನೀರು. ಮೊದಲ ಗುಳಿಯವನು ಒಂದು ಕಾಳು ಹೆಚ್ಚು ಉಳಿಸಿಕೊಂಡರೆ ಏಳನೆಯ ಗುಳಿಯ ಮನೆಯವರು ಊರು ಬಿಡುತ್ತಾರೆ. ಆಡುವವರು ಯಾವ ಗುಳಿಯಲ್ಲಿ ಹುಟ್ಟುತ್ತಾರೆಂದು ಮೊದಲೇ ಹೇಳುವುದಿಲ್ಲ. ನಾನು ಮೂರು ಸಲ ಆಡಿದೆ. ಮೊದಲ ಗುಳಿ ಬಂದಾಗ ನನ್ನ ಕೈಯೂ ಧಾರಾಳವಾಗಲಿಲ್ಲ ಎಂಬುದನ್ನು ಗಮನಿಸಿದೆ.

‘ದೊಡ್ಡವ್ವ, ಇದು ಆಟ ಅಲ್ಲ, ಬರೇ ಮಾದರಿ. ಪೂರಾ ಮಾಡಾಕ ಒಂದೂವರಿ ವರ್ಷ ಬೇಕು’ ಎಂದಳು. ಚಿತ್ರ ಬರೆಯಲು ಒಬ್ಬರು, ಸಂಗೀತಕ್ಕೆ ಒಬ್ಬರು, ಒಳ್ಳೆಯ ಕಂಪ್ಯೂಟರು ಒಂದು. ಅವಳ ಲೆಕ್ಕ ಆರು ಲಕ್ಷಕ್ಕೆ ಬಂದು ನಿಂತಿತು. ಅವಳ ಪ್ರಶ್ನೆ ಇಷ್ಟೇ: ಅವಳ ಮದುವೆಗೆಂದು ತಂಗಿ ಮಾಡಿಸಿಟ್ಟ ಬಂಗಾರವಿದೆಯಲ್ಲ, ಅದನ್ನು ಒತ್ತೆಯಿಡಬಹುದೇ?

ಮನೆಯಲ್ಲಿ ಎರಡು ದಿನ ಮಾತಿಲ್ಲ. ಗೇಮ್ ಎಂದರೆ ನಮ್ಮ ಕಡೆ ಮರ್ಯಾದೆಯ ಮಾತೂ ಅಲ್ಲ. ಫೋನಿನಲ್ಲಿ ರಮ್ಮಿ ಆಡಿ ಹೊಲ ಕಳೆದುಕೊಂಡವರನ್ನು ನೋಡಿದ್ದೇವೆ. 2021ರಲ್ಲಿ ರಾಜ್ಯ ತಂದ ನಿಷೇಧವನ್ನು 2022ರಲ್ಲಿ ಹೈಕೋರ್ಟು ತಳ್ಳಿಹಾಕಿತು. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅದೇ ಕಾಯ್ದೆ ಹಣವಿಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡಬೇಕೆಂದೂ ಹೇಳುತ್ತದೆ. ಇದನ್ನು ಓಣಿಯವರಿಗೆ ಯಾರು ವಿವರಿಸುತ್ತ ಕೂರುವುದು? ಪಗಡೆಯಿಂದ ದ್ರೌಪದಿಯ ಮಾನ ಹೋದ ಕಥೆ ಎಲ್ಲರಿಗೂ ಗೊತ್ತು, ಪಗಡೆ ಕಟ್ಟಿದವನ ಜಾಣತನದ ಕಥೆ ಯಾರಿಗೂ ಬೇಕಾಗಿಲ್ಲ.

ಬಂಗಾರ ಒತ್ತೆಯಿಡುವುದು ಬೇಡವೆಂದು ನಾನು ಹೇಳಿದೆ. ದೊರೆಯ ವರ್ಷಾಶನ, ಜೋನ್ಸನ ಪರಿಹಾರ, ಪುಣೆಯವರ ಫ್ಲ್ಯಾಟು, ಇವೆಲ್ಲ ಬೇರೆ ಯಾವುದಕ್ಕೋ ಇದ್ದ ದುಡ್ಡು. ಆಟಕ್ಕೆಂದೇ ಇರುವ ದುಡ್ಡು ಈಗ ಇರುವಾಗ ಅದರ ಬಾಗಿಲು ತಟ್ಟದೆ ಹೆಣ್ಣುಮಗಳ ಬಂಗಾರಕ್ಕೆ ಯಾಕೆ ಕೈಹಾಕಬೇಕು? ತಂಗಿ ನನ್ನ ಮುಖ ನೋಡಿದಳು. ‘ಅಕ್ಕ, ಅವರು ಕೊಡದಿದ್ರ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ಜನ ಅರ್ಜಿ ಹಾಕಿದರೆ ಎಲ್ಲರಿಗೂ ಸಿಗುವ ಹಣವಲ್ಲ ಅದು. ಆದರೆ ಬಂಗಾರ ಪೆಟ್ಟಿಗೆಯಲ್ಲೇ ಇರುತ್ತದೆ, ಅರ್ಜಿಗೆ ಕಡೆಯ ತಾರೀಖು ಇರುತ್ತದೆ.

ಹೀಗೆ ಸಂಸ್ಥೆ ಕಟ್ಟುವ ಕೆಲಸ ಶುರುವಾಯಿತು. ಖರ್ಚು ಕಡಿಮೆಯೆಂದು ಪಾಲುದಾರಿಕೆ ಸಂಸ್ಥೆ ಮಾಡುವುದೆಂದಾಯಿತು. ಪಾಲುದಾರಿಕೆಗೆ ಕನಿಷ್ಠ ಇಬ್ಬರು ಬೇಕು. ಜೊತೆಗೆ ಓದಿದ ಹುಡುಗಿಯರಲ್ಲಿ ಇಬ್ಬರಿಗೆ ಮದುವೆಯಾಗಿದೆ, ಒಬ್ಬಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಕೊನೆಗೆ ಎರಡನೆಯ ಪಾಲುದಾರಳಾಗಿ ನಿಂತವಳು ತಂಗಿಯೇ. ಆಡಿಟರ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ಅವಳ ಹೆಸರು, ಉದ್ಯೋಗದ ಜಾಗದಲ್ಲಿ ‘ಗೃಹಿಣಿ ಹಾಗೂ ಹೊಲಿಗೆ’ ಎಂದು ಟೈಪಾಯಿತು. ಸಂಸ್ಥೆಯ ವ್ಯವಹಾರ ಎಂಬಲ್ಲಿ ‘ಆಟಗಳ ತಯಾರಿಕೆ’ ಎಂದು ಬರೆಯುವಾಗ ಅವರು ಕನ್ನಡಕದ ಮೇಲಿಂದ ಒಮ್ಮೆ ನಮ್ಮನ್ನು ನೋಡಿದರು. ಮರದ ಗೊಂಬೆಗಳೇನ್ರಿ ಎಂದರು. ಹುಡುಗಿ ಫೋನು ತೆಗೆದು ಅವರ ಕೈಗೆ ಕೊಟ್ಟಳು. ಅವರಿಗೆ ನಾಲ್ಕನೆಯ ಗುಳಿ ಬಂತು. ಹಿಂದೆ ಇಬ್ಬರು ಕಕ್ಷಿದಾರರು ಕಾಯುತ್ತಿದ್ದರೂ ಅವರು ಎರಡು ಸಲ ಆಡಿದರು. ತಂಗಿ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಸಹಿಯನ್ನು ಕನ್ನಡದಲ್ಲಿ ಹಾಕಿದರೆ ನಡೆಯುತ್ತದೆಯೇ ಎಂದು ಕೇಳಿದಳು.

‘ನಡೀತದವ್ವ, ಹಾಕು’ ಎಂದರು ಅವರು, ಫೋನಿನಿಂದ ಕಣ್ಣು ತೆಗೆಯದೆ.